ಮಾವಿನಕುರ್ವೆಯೂ ಮನೆಗಸವೂ: ಕರಾವಳಿಯ ಸ್ಥಾನಿಕ ಆಡಳಿತದಲ್ಲಿ ಕಸದ ವ್ಯವಸ್ಥೆಯ ಇತಿಹಾಸ

೧

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಮಾವಿನಕುರ್ವೆ ಎಂಬ ಹೆಸರಿನ ಊರುಗಳು ಎರಡಿವೆ. ಒಂದು, ಶರಾವತಿ ನದಿಯು ಹೊನ್ನಾವರದ ಬಳಿ ಕಡಲನ್ನು ಸೇರುವ ಮುನ್ನ ತನ್ನ ಮಡಿಲಲ್ಲಿ ಉಳಿಸಿಕೊಂಡಿರುವ ತೆಂಗಿನ ತೋಟಗಳ ನಡುಗಡ್ಡೆ. ಮತ್ತೊಂದು, ಭಟ್ಕಳದ ಮೀನುಗಾರಿಕೆಯ ಬಂದರವಿರುವ ಗ್ರಾಮ. ಕುರ್ವೆ ಎಂದರೆ ಹೊಳೆಯ ನೀರು ಸುತ್ತುವರಿದ ನೆಲ. ಕುಮಟೆಯ ಅಘನಾಶಿನಿಯಲ್ಲಿರುವ ಐಗಳಕುರ್ವೆಯ ಹೆಸರಿನಲ್ಲಿಯೂ ಇದೇ ಪದವಿದೆ. ಕುಂದಾಪುರದ ಕಡೆಯಲ್ಲಿ ಇಂಥ ನೆಲಕ್ಕೆ ಕುದ್ರು ಎನ್ನುವರು. ಹೊಳೆಯು ಮಳೆಗಾಲದಲ್ಲಿ ತಂದಿಕ್ಕಿದ ಮೆಕ್ಕಲು, ಕಡಲ ಉಬ್ಬರವು ದಿನಕ್ಕೆರಡು ಬಾರಿ ಒಳನುಗ್ಗಿಸುವ ಉಪ್ಪುನೀರು, ಇವೆರಡರ ನಡುವೆ ಒಂದಾಳುದ್ದ ತೋಡಿದರೆ ಒದಗುವ ಸಿಹಿನೀರಿನ ಬಾವಿ: ಇಂಥ ನೆಲದ ಜನಜೀವನವು ಈ ಮೂರರ ಸಮತೋಲದ ಮೇಲೆ ನಿಂತಿದೆ.

ಪ್ರಸ್ತುತ ಲೇಖನದಲ್ಲಿ ವಿವೇಚಿಸಹೊರಟಿರುವ ವಿಷಯವು ಮೇಲುನೋಟಕ್ಕೆ ಅಲ್ಪವಾದುದು. ಮನೆಯಲ್ಲಿ ಹುಟ್ಟಿದ ಕಸವನ್ನು ಏನು ಮಾಡಬೇಕು ಎಂಬುದನ್ನು ಈ ಕರಾವಳಿಯಲ್ಲಿ ಯಾರು, ಎಂದಿನಿಂದ, ಯಾವ ಅಧಿಕಾರದಿಂದ ನಿರ್ಧರಿಸುತ್ತ ಬಂದರು ಎಂಬುದೇ ಇಲ್ಲಿಯ ಪ್ರಶ್ನೆ. ಅರಸರ, ಯುದ್ಧಗಳ ಇತಿಹಾಸದಲ್ಲಿ ಇದಕ್ಕೆ ಎಡೆಯಿಲ್ಲ. ಆದರೆ ಆಳುವವರು ಆಳಿಸಿಕೊಳ್ಳುವವರ ಅಂಗಳದವರೆಗೆ ಹೇಗೆ ಬಂದರು, ಎಲ್ಲಿ ನಿಂತರು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸಾಧನವು ವಿರಳ. ಕುರ್ವೆಯನ್ನು ಉದಾಹರಣೆಗೆ ಆಯ್ದುಕೊಳ್ಳಲು ಕಾರಣವೂ ಉಂಟು. ಬಯಲುಸೀಮೆಯ ಊರಿಗೆ 'ಊರಾಚೆ' ಎಂಬುದೊಂದು ಇರುತ್ತದೆ. ಬೇಡವಾದುದನ್ನು ಅಲ್ಲಿ ಒಯ್ದು ಹಾಕಬಹುದು. ಕುರ್ವೆಗೆ ಊರಾಚೆ ಎಂಬುದಿಲ್ಲ. ಅಲ್ಲಿ ಊರು ಮುಗಿದೊಡನೆ ನೀರು. ಆ ನೀರೇ ಮೀನಿನ ನೆಲೆ, ಆ ನೀರೇ ಬಾವಿಯ ನೆರೆ. ಅದುಕಾರಣ ಕಸದ ಯಾವುದೇ ಯೋಜನೆಯ ಸತ್ತ್ವವನ್ನು ಕುರ್ವೆಯು ಬಲುಬೇಗ ಬಯಲಿಗೆ ತರುತ್ತದೆ.

೨

ಬೀದಿಯನ್ನು ಕೆಡಿಸುವುದು ದಂಡಾರ್ಹವೆಂಬ ಕಲ್ಪನೆಯು ನಮ್ಮಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಬೀದಿಯಲ್ಲಿ ಕಸಮಣ್ಣು ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರುನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣವನ್ನೂ ದಂಡವಾಗಿ ವಿಧಿಸುತ್ತದೆ. ಆದರೆ ಇದು ನಗರದ ಅಧಿಕಾರಿಯಾದ ನಾಗರಿಕನ ಕರ್ತವ್ಯಗಳನ್ನು ಹೇಳುವ ಸಂದರ್ಭದಲ್ಲಿ ಬಂದ ಮಾತು. ಹಳ್ಳಿಯ ಕಸವು ರಾಜಶಾಸನದ ವಿಷಯವಾಗಲಿಲ್ಲ; ಅದು ಬೇಸಾಯದ ವಿಷಯವಾಗಿತ್ತು.

ಕರಾವಳಿಯಲ್ಲಂತೂ ಬೇಸಾಯವೂ ಕಸವೂ ಒಂದನ್ನೊಂದು ಬಿಟ್ಟಿರಲಿಲ್ಲ. ೧೮೦೧ರಲ್ಲಿ ಭಟ್ಕಳ, ಹೊನ್ನಾವರ, ಗೋಕರ್ಣಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಈ ಸೀಮೆಯ ಬೇಸಾಯಕ್ರಮವನ್ನು ವಿಶೇಷ ಲಕ್ಷ್ಯದಿಂದ ಪರಿಶೀಲಿಸಿದನು. ಮಳೆಯು ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಪ್ರದೇಶದಲ್ಲಿ ಮಣ್ಣಿನ ಸಾರವು ಪ್ರತಿವರ್ಷವೂ ಕೊಚ್ಚಿಹೋಗುತ್ತದೆ. ಅದನ್ನು ಪ್ರತಿವರ್ಷವೂ ತುಂಬಿಕೊಡಬೇಕು. ಇದಕ್ಕಾಗಿ ಬೆಟ್ಟದ ಸೊಪ್ಪು ತರಗೆಲೆಗಳನ್ನು ಕೊಟ್ಟಿಗೆಯಲ್ಲಿ ಹಾಸಿ, ದನಗಳ ತುಳಿತಕ್ಕೂ ಗಂಜಲಕ್ಕೂ ಸಿಕ್ಕಿದ ಆ ಹಾಸನ್ನು ಗೊಬ್ಬರದ ಗುಂಡಿಗೆ ಎಳೆಯುತ್ತಿದ್ದರು. ಒಲೆಯ ಬೂದಿ, ಅಂಗಳದ ಗುಡಿಸಲು, ಅಡಿಗೆಮನೆಯ ಸಿಪ್ಪೆಗಳು ಅದೇ ಗುಂಡಿಯನ್ನೋ ತೆಂಗಿನ ಬುಡವನ್ನೋ ಸೇರುತ್ತಿದ್ದವು. ಊಟದ ಬಾಳೆಯೆಲೆ ದನದ ಬಾಯಿಗೆ. ಅಡಕೆಯ ಹಾಳೆ, ತೆಂಗಿನ ಮಡಲು ಮೊದಲು ಉಪಯೋಗಕ್ಕೆ, ಅನಂತರ ಒಲೆಗೆ. ಕಡಲು ಹೆಚ್ಚಾಗಿ ಕೊಟ್ಟ ವರ್ಷ ತಾರಲೆ ಮೀನು ಸಹ ತೆಂಗಿಗೆ ಗೊಬ್ಬರವಾಗುತ್ತಿತ್ತು. ಉಳಿಯುತ್ತಿದ್ದುದು ಒಡೆದ ಮಡಕೆಯ ಓಡು ಮಾತ್ರ. ಸೊಪ್ಪು ತರಗೆಲೆಗಳ ಹಕ್ಕು ಈ ಜಿಲ್ಲೆಯಲ್ಲಿ ಎಷ್ಟು ಜೀವದ ಪ್ರಶ್ನೆಯಾಗಿತ್ತೆಂಬುದಕ್ಕೆ, ಅರಣ್ಯ ಇಲಾಖೆಯ ನಿರ್ಬಂಧಗಳಿಂದ ಎದ್ದ ಅಸಮಾಧಾನವು ೧೯೨೦ರ ದಶಕದಲ್ಲಿ ಕಾಲಿನ್ಸ್ ಅಧಿಕಾರಿಯ ಮರುವ್ಯವಸ್ಥೆಗೆ ಎಡೆಮಾಡಿಕೊಟ್ಟುದೇ ಸಾಕ್ಷಿ.

ಇಷ್ಟರಿಂದ ಹಿಂದಿನದೆಲ್ಲ ನಿರ್ಮಲವಾಗಿತ್ತೆಂದು ಬಗೆಯಲಾಗದು. ಗೊಬ್ಬರದ ಗುಂಡಿ ಬಾವಿಯ ಮಗ್ಗುಲಲ್ಲಿಯೇ ಇದ್ದ ಮನೆಗಳು ಇದ್ದವು. ಬಯಲುಕಡೆಯ ಪದ್ಧತಿಯಿಂದ ವಾಂತಿಭೇದಿಯು ಮನೆಮನೆಗೆ ಹಬ್ಬುತ್ತಿದ್ದಿತು. ಕೊಟ್ಟಿಗೆ ತೆಗೆಯುವ, ಸೊಪ್ಪು ಹೊರುವ, ಗೊಬ್ಬರ ಹೊತ್ತು ಗದ್ದೆಗೆ ಹಾಕುವ ಕೆಲಸವು ಬಹುಮಟ್ಟಿಗೆ ಹೆಂಗಸರ ಮತ್ತು ಭೂಮಿಯಿಲ್ಲದ ಆಳುಗಳ ತಲೆಯ ಮೇಲಿತ್ತು. ಆದರೂ ಒಂದು ಮಾತನ್ನು ಒಪ್ಪಬೇಕು: ಆ ವ್ಯವಸ್ಥೆಯಲ್ಲಿ ಒಂದು ಮನೆಯ ಕಸವು ಮತ್ತೊಂದು ಊರಿನ ಹೊರೆಯಾಗುತ್ತಿರಲಿಲ್ಲ.

೩

ಕಸವು ಸರಕಾರದ ವಿಷಯವಾದುದು ಆಂಗ್ಲರ ಆಳಿಕೆಯಲ್ಲಿ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಸೀಮೆಯ ಹತ್ತಿಯು ಕುಮಟೆಯ ಬಂದರದಿಂದ ಹೇರಳವಾಗಿ ಹೊರಟಿತು. ಬಂಡಿಗಳು, ಎತ್ತುಗಳು, ಹಮಾಲರು, ವರ್ತಕರು ಕೂಡಿ ಕರಾವಳಿಯ ಪೇಟೆಗಳು ಕಿಕ್ಕಿರಿದುವು. ಪೇಟೆಯ ಮನೆಗೆ ಗದ್ದೆಯಿಲ್ಲ, ಕೊಟ್ಟಿಗೆಯಿಲ್ಲ. ಅಲ್ಲಿಯ ಕಸಕ್ಕೆ ಹೋಗಲು ದಾರಿಯಿಲ್ಲ. ಇಂಥ ಸ್ಥಳಗಳಿಗೆ ಮುನಿಸಿಪಾಲಿಟಿಯ ಕಾಯಿದೆಗಳು ಅನ್ವಯವಾದುವು. ೧೮೫೦ರ ಕಾಯಿದೆ, ೧೮೭೩ ಮತ್ತು ೧೮೮೪ರ ಮುಂಬಯಿ ಕಾಯಿದೆಗಳು, ಕಡೆಗೆ ೧೯೦೧ರ ಡಿಸ್ಟ್ರಿಕ್ಟ್ ಮುನಿಸಿಪಲ್ ಕಾಯಿದೆ: ಈ ಕ್ರಮದಲ್ಲಿ ಬೀದಿ ಗುಡಿಸುವುದೂ ಕಸಮಲಗಳನ್ನು ಸಾಗಿಸುವುದೂ ಪುರಸಭೆಯ ಕರ್ತವ್ಯಗಳೆಂದು ಸ್ಥಿರಪಟ್ಟಿತು. ಭಟ್ಕಳದ ಪುರಸಭೆಯು ೧೮೯೦ರಲ್ಲಿ ಸ್ಥಾಪಿತವಾಯಿತು.

ಪುರಸಭೆಯ ಈ ಸೇವೆಗೆ ಎರಡು ಮುಖಗಳಿದ್ದುವು. ಮೊದಲನೆಯದು ವೆಚ್ಚ. ಮುಂಬಯಿ ಪ್ರಾಂತದ ಪುರಸಭೆಗಳು ಮಲ ಸಾಗಣೆಗಾಗಿ 'ಹಲಾಲಖೋರ' ತೆರಿಗೆಯೆಂಬುದನ್ನು ವಿಧಿಸುತ್ತಿದ್ದುವು. ತೆರಿಗೆಯ ಹೆಸರೇ ಆ ಕೆಲಸ ಮಾಡುವ ಜಾತಿಯ ಹೆಸರು; ತೆರುವವರಿಗೆ ಸಭೆಯಲ್ಲಿ ಪ್ರತಿನಿಧಿಯುಂಟು, ಹೊರುವವರಿಗೆ ಇಲ್ಲ. ಎರಡನೆಯದು ಆದಾಯ. ಪುಣೆಯಂಥ ಸ್ಥಳಗಳಲ್ಲಿ ಮಲವನ್ನು ಬೂದಿಯೊಡನೆ ಬೆರಸಿ ಒಣಗಿಸಿ ಕಬ್ಬಿನ ಬೆಳೆಗಾರರಿಗೆ ಮಾರುತ್ತಿದ್ದರು. ಅಂದರೆ ಆ ಕಾಲದ ಆಡಳಿತಗಾರನ ದೃಷ್ಟಿಯಲ್ಲಿ ಕಸವು ರೋಗದ ಮೂಲವಾಗಿದ್ದಂತೆಯೇ ಮಾರಾಟದ ಸರಕೂ ಆಗಿತ್ತು. ಇದೇ ಕಾಲದಲ್ಲಿ ಯೂರೋಪಿನ ನಗರಗಳೂ ಇದೇ ಪ್ರಶ್ನೆಯೊಡನೆ ಹೆಣಗುತ್ತಿದ್ದುವು. ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪೂಬೆಲ್ಲನು ೧೮೮೩ರಲ್ಲಿ ಪ್ರತಿ ಮನೆಯೂ ಮುಚ್ಚಳವುಳ್ಳ ಪಾತ್ರೆಗಳಲ್ಲಿ ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿಡಬೇಕೆಂದು ಆಜ್ಞೆ ಹೊರಡಿಸಿದನು. ಇಂದು ಹೊಸದೆಂಬಂತೆ ಬೋಧಿಸಲಾಗುವ ಮೂಲದಲ್ಲಿಯ ವಿಂಗಡಣೆಯು ಅಷ್ಟು ಹಳೆಯದು.

ಹಳ್ಳಿಗಳ ಮಟ್ಟಿಗೆ ಕಾನೂನು ತಡವಾಗಿ ಬಂದಿತು. ೧೮೮೨ರಲ್ಲಿ ಲಾರ್ಡ್ ರಿಪನ್ನನ ನಿರ್ಣಯ, ೧೮೮೪ರಲ್ಲಿ ಮುಂಬಯಿಯ ಲೋಕಲ್ ಬೋರ್ಡುಗಳ ಕಾಯಿದೆ, ೧೮೮೯ರಲ್ಲಿ ಗ್ರಾಮ ನೈರ್ಮಲ್ಯ ಕಾಯಿದೆ. ಈ ಕಡೆಯದರ ಮೇರೆಗೆ ಆಯ್ದ ಹಳ್ಳಿಗಳಲ್ಲಿ ನೈರ್ಮಲ್ಯ ಸಮಿತಿಗಳನ್ನು ನೇಮಿಸಲು ಅವಕಾಶವಾಯಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲಪಿದಾಗ ಕಸದ ಬಗ್ಗೆ ಅಧಿಕಾರಿಗಳ ಲಕ್ಷ್ಯವು ತೀವ್ರವಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆ ಭೀತಿಯ ಫಲವೆಂಬುದು ಪ್ರಸಿದ್ಧವಾಗಿದೆ. ಅನಂತರ ೧೯೨೦ ಮತ್ತು ೧೯೩೩ರ ಗ್ರಾಮ ಪಂಚಾಯತಿ ಕಾಯಿದೆಗಳು ನೈರ್ಮಲ್ಯವನ್ನು ಪಂಚಾಯತಿಯ ಕರ್ತವ್ಯಗಳಲ್ಲಿ ಸೇರಿಸಿದುವು. ಈ ಎಲ್ಲ ಶಾಸನಗಳಲ್ಲಿಯೂ ಒಂದು ಸಮಾನ ಲಕ್ಷಣವಿದೆ: ಕರ್ತವ್ಯವನ್ನು ಬರೆದಷ್ಟು ಧಾರಾಳವಾಗಿ ಹಣವನ್ನು ಕೊಟ್ಟಿಲ್ಲ.

೪

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆಡಳಿತಕ್ಕೆ ವಿಜ್ಞಾನದ ನೆರವು ದೊರೆಯಿತು. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡನೂ ಯಶವಂತ ವಾಡರೂ ಸಸ್ಯದ ಕಸವನ್ನು ಸೆಗಣಿಯೊಡನೆ ಪದರಪದರವಾಗಿ ಹಾಕಿ, ಗಾಳಿಯಾಡುವಂತೆ ಕಾಲಕಾಲಕ್ಕೆ ಮಗುಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ ೧೯೩೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರಕಸವನ್ನೂ ಮಲವನ್ನೂ ಸುಮಾರು ಮೂರಡಿ ಆಳದ ಕಂದಕಗಳಲ್ಲಿ ಪದರಗೊಳಿಸಿ, ಮೇಲೆ ಮಣ್ಣು ಮುಚ್ಚಿ, ಮಗುಚದೆಯೇ ಕೊಳೆಯಲು ಬಿಡುವ ಕ್ರಮವನ್ನು ಕಂಡುಹಿಡಿದರು. 'ಬೆಂಗಳೂರು ಪದ್ಧತಿ' ಎಂದು ಲೋಕಪ್ರಸಿದ್ಧವಾದುದು ಇದೇ. ಕೂಲಿಯ ಖರ್ಚು ಕಡಮೆ, ನೊಣದ ಕಾಟ ಕಡಮೆ; ಆರರಿಂದ ಒಂಬತ್ತು ತಿಂಗಳಲ್ಲಿ ಗೊಬ್ಬರ ಸಿದ್ಧ. ೧೯೪೦ರ ದಶಕದ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿಯ ಕಾಲದಲ್ಲಿ ದೇಶದ ಅನೇಕ ಪಟ್ಟಣಗಳು ಕಸದಿಂದ ಗೊಬ್ಬರ ಮಾಡಲು ತೊಡಗಿದುವು. ೧೯೭೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಕಸದಿಂದ ಗೊಬ್ಬರವೆಂಬ ಇದೇ ವಿಚಾರವನ್ನು ಮುಂದುವರಿಸಿತು.

ಕನ್ನಡಿಗರು ಅಭಿಮಾನಪಡಬೇಕಾದ ಈ ಸಾಧನೆಯನ್ನು ಕರಾವಳಿಯ ದೃಷ್ಟಿಯಿಂದ ಪರೀಕ್ಷಿಸಿದಾಗ ಒಂದು ತೊಡಕು ಕಾಣುತ್ತದೆ. ಕಂದಕದ ಪದ್ಧತಿಯು ಪೀಠಭೂಮಿಯ ನೆಲಕ್ಕೆ ಹುಟ್ಟಿದುದು. ಅಲ್ಲಿ ಅಂತರ್ಜಲವು ಆಳದಲ್ಲಿದೆ, ಮಳೆ ಮಿತವಾಗಿದೆ. ಕುರ್ವೆಯಲ್ಲಿ ಮೂರಡಿ ತೋಡಿದರೆ ಆಷಾಢ ಶ್ರಾವಣಗಳಲ್ಲಿ ಅದು ಕಂದಕವಾಗಿ ಉಳಿಯದೆ ಕೆರೆಯಾಗುತ್ತದೆ. ಕೊಳೆತ ಕಸದ ರಸವು ಮರಳುನೆಲದಲ್ಲಿ ಬಸಿದು ನೆರೆಯ ಬಾವಿಗೆ ಇಳಿಯುತ್ತದೆ. ಅತಿವೃಷ್ಟಿಯ ಪ್ರದೇಶಗಳಲ್ಲಿ ಗುಂಡಿಯನ್ನು ಬಿಟ್ಟು ನೆಲದ ಮೇಲೆ, ಮಾಡಿನಡಿಯಲ್ಲಿ, ರಾಶಿಯಾಗಿ ಗೊಬ್ಬರ ಮಾಡಬೇಕೆಂದು ಕೃಷಿಶಾಸ್ತ್ರಜ್ಞರೇ ಹೇಳಿದ್ದಾರೆ. ಆದರೆ ಯೋಜನೆಯ ನಕ್ಷೆ ರಾಜಧಾನಿಯಿಂದ ಬರುವಾಗ ಗುಂಡಿಯ ಅಳತೆ ಮಾತ್ರ ಬರುತ್ತದೆ. ಈ ಎಚ್ಚರಿಕೆಯ ಮಾತು ದಾರಿಯಲ್ಲಿ ಉಳಿದುಬಿಡುತ್ತದೆ.

೫

೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ೧೯೫೯ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ, ೧೯೬೪ರ ಪುರಸಭೆಗಳ ಕಾಯಿದೆ, ೧೯೮೩ರ ಜಿಲ್ಲಾ ಪರಿಷತ್ತು ಮಂಡಲ ಪಂಚಾಯತಿಗಳ ಕಾಯಿದೆ, ೧೯೯೩ರ ಪಂಚಾಯತ್ ರಾಜ್ ಕಾಯಿದೆ ಒಂದರ ಹಿಂದೊಂದು ಬಂದುವು. ಮಂಡಲ ಪಂಚಾಯತಿಗೆ ೮,೦೦೦ದಿಂದ ೧೨,೦೦೦ ಜನಸಂಖ್ಯೆಯನ್ನು ನಿಗದಿಪಡಿಸಲಾಗಿತ್ತು. ೧೯೯೩ರಲ್ಲಿ ಅದು ಸಾಮಾನ್ಯವಾಗಿ ೫,೦೦೦ದಿಂದ ೭,೦೦೦ಕ್ಕೆ ಇಳಿಯಿತು. ಉತ್ತರ ಕನ್ನಡವೂ ಸೇರಿದಂತೆ ಕರಾವಳಿ ಮಲೆನಾಡಿನ ಜಿಲ್ಲೆಗಳಲ್ಲಿ ೨,೫೦೦ ಜನರಿದ್ದರೂ ಒಂದು ಗ್ರಾಮ ಪಂಚಾಯತಿ ಆಗಬಹುದೆಂದಾಯಿತು. ಆಡಳಿತವು ಜನರ ಸಮೀಪಕ್ಕೆ ಬಂದುದು ಇದರ ಗುಣ. ಕಸದಂಥ ಖರ್ಚಿನ ಕೆಲಸಕ್ಕೆ ಪಂಚಾಯತಿಯ ಬೊಕ್ಕಸವು ಕಿರಿದಾದುದು ಇದರ ದೋಷ.

ಸಂವಿಧಾನದ ೭೩ ಮತ್ತು ೭೪ನೆಯ ತಿದ್ದುಪಡಿಗಳು ೧೯೯೩ರಲ್ಲಿ ಜಾರಿಗೆ ಬಂದಾಗ ಸೇರಿದ ಎರಡು ಅನುಸೂಚಿಗಳನ್ನು ಜತೆಗಿಟ್ಟು ಓದುವುದು ಬೋಧಪ್ರದ. ನಗರಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯು ೬ನೆಯ ವಿಷಯವಾಗಿ ಘನತ್ಯಾಜ್ಯದ ನಿರ್ವಹಣೆಯನ್ನು ಹೆಸರಿಸಿಯೇ ಹೇಳುತ್ತದೆ. ಗ್ರಾಮಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ ೨೩ನೆಯ ವಿಷಯವು ಆಸ್ಪತ್ರೆಗಳೊಡನೆ ಆರೋಗ್ಯ ಮತ್ತು ನೈರ್ಮಲ್ಯ ಎಂದಷ್ಟೇ ಹೇಳಿ ನಿಲ್ಲುತ್ತದೆ. ಕಸವು ನಗರದ ವಸ್ತು, ಹಳ್ಳಿಯಲ್ಲಿರುವುದು ಗೊಬ್ಬರ ಮಾತ್ರ ಎಂಬ ಹಳೆಯ ಭಾವನೆಯೇ ಇಲ್ಲಿ ಶಾಸನದ ರೂಪ ತಳೆದಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲರು ೧೯೯೬ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ ಬಂದ ೨೦೦೦ದ ನಿಯಮಗಳೂ ಪುರಸಭೆ ನಗರಸಭೆಗಳಿಗೆ ಮಾತ್ರ ಸೀಮಿತವಾಗಿದ್ದುವು. ೨೦೧೬ರ ನಿಯಮಗಳು ಜನಗಣತಿ ಪಟ್ಟಣಗಳ ಮತ್ತು ನಗರಸಮೂಹಗಳ ಪಂಚಾಯತಿಗಳನ್ನು ಮೊದಲಬಾರಿಗೆ ಒಳಗೊಂಡುವು.

ಆದರೆ ಶಾಸನವು ಈ ಭಾವನೆಯಲ್ಲಿದ್ದಾಗಲೇ ಹಳ್ಳಿಯ ಕಸದ ಸ್ವರೂಪವು ಬದಲಾಯಿಸಿತ್ತು. ನೂಲಿನ ಬಲೆಗಳ ಸ್ಥಾನಕ್ಕೆ ನೈಲಾನ್ ಬಲೆಗಳು ಬಂದುವು. ೧೯೭೦ರ ದಶಕದಲ್ಲಿ ಪರ್ಸೀನ್ ಬಲೆಯೂ ಯಂತ್ರದ ದೋಣಿಗಳೂ ಕರಾವಳಿಯ ಮೀನುಗಾರಿಕೆಯನ್ನು ಮಾರ್ಪಡಿಸಿದುವು. ಹರಿದ ಹಳೆಯ ಬಲೆ ಕೊಳೆತು ಮಣ್ಣಾಗುತ್ತಿತ್ತು, ಹರಿದ ಹೊಸ ಬಲೆ ಹಾಗಾಗದು. ೧೯೯೮ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆಯಿತು. ಹೆದ್ದಾರಿಯ ಸಂಚಾರವೂ ಬೆಳೆದು, ಪೇಟೆಯ ಸರಕು ಅದರ ಹೊದಿಕೆಯೊಡನೆ ಕುರ್ವೆಯ ಮನೆಗೂ ಬಂದಿತು. ಅಂಗಡಿಯವನು ಎಲೆಯಲ್ಲಿ, ಕಾಗದದಲ್ಲಿ ಕಟ್ಟಿಕೊಡುತ್ತಿದ್ದುದು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು. ೨೦೧೬ರ ಮಾರ್ಚಿಯಲ್ಲಿ ರಾಜ್ಯ ಸರಕಾರವೂ, ೨೦೨೨ರ ಜುಲೈ ೧ರಿಂದ ಕೇಂದ್ರ ಸರಕಾರವೂ ಇಂಥ ಅನೇಕ ವಸ್ತುಗಳನ್ನು ನಿಷೇಧಿಸಿದುವು. ಹಸುಗಳು ಕಡಮೆಯಾದ ಮನೆಗಳಲ್ಲಿ ಗೊಬ್ಬರದ ಗುಂಡಿಯೂ ಮುಚ್ಚಿಹೋಯಿತು. ಅಂಗಳದ ಮೂಲೆಯಲ್ಲಿ ಸುಡುವುದು, ಹೊಳೆಗೆ ಎಸೆಯುವುದು, ಇವೆರಡೇ ಸುಲಭದ ಹಾದಿಗಳಾದುವು. ಹೊಳೆಗೆ ಎಸೆದುದನ್ನು ಉಬ್ಬರವು ಮರಳಿ ದಡಕ್ಕೆ ತರುತ್ತದೆ.

ಮತ್ತೊಂದು ಇಕ್ಕಟ್ಟೂ ಸೇರಿತು. ೧೯೯೧ರ ಫೆಬ್ರವರಿಯಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕಡಲದಂಡೆಯಲ್ಲಿಯೂ ಉಬ್ಬರವಿಳಿತ ಮುಟ್ಟುವ ನದಿಗಳ ದಡದಲ್ಲಿಯೂ ನಗರ ಪಟ್ಟಣಗಳ ಕಸ ಸುರಿಯುವುದನ್ನು ನಿಷೇಧಿಸಿತು. ನಿಷೇಧವು ನ್ಯಾಯವಾದುದೇ. ಆದರೆ ನದೀಮುಖದ ಪಂಚಾಯತಿಗೆ ಇದರ ಅರ್ಥವಿಷ್ಟು: ತನ್ನ ನೆಲದ ಬಹುಭಾಗವು ಕಸವಿಡಲು ಒದಗುವುದಿಲ್ಲ, ಒದಗುವ ಎತ್ತರದ ನೆಲವು ಅರಣ್ಯದ್ದೋ, ಬೇರೊಂದು ಊರಿನದೋ ಆಗಿರುತ್ತದೆ. ಆ ಬೇರೊಂದು ಊರಿನವರು ಒಪ್ಪಬೇಕೇಕೆ? ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನರು ಎದ್ದುನಿಂತು ೨೦೧೨ರಿಂದ ೨೦೧೪ರವರೆಗಿನ ಅವಧಿಯಲ್ಲಿ ಲಾರಿಗಳನ್ನು ತಡೆದುದು ಈ ಪ್ರಶ್ನೆಗೆ ದೊರೆತ ಉತ್ತರವೇ ಸರಿ.

೬

೧೯೯೯ರ ಸಂಪೂರ್ಣ ಸ್ವಚ್ಛತಾ ಆಂದೋಲನವು ಮುಖ್ಯವಾಗಿ ಶೌಚಾಲಯದ ಆಂದೋಲನವಾಗಿತ್ತು. ೨೦೧೪ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಮೊದಲ ಹಂತದಲ್ಲಿ ಕಸ ಮತ್ತು ಬಚ್ಚಲುನೀರಿನ ಕೆಲಸಕ್ಕೆ ಮನೆಗಳ ಸಂಖ್ಯೆಗೆ ತಕ್ಕಂತೆ ಪಂಚಾಯತಿಗೆ ೭ ಲಕ್ಷದಿಂದ ೨೦ ಲಕ್ಷ ರೂಪಾಯಿಗಳ ಮಿತಿಯಿತ್ತು. ೨೦೨೦ರಲ್ಲಿ ಮಂಜೂರಾದ ಎರಡನೆಯ ಹಂತದಲ್ಲಿ ಘನತ್ಯಾಜ್ಯಕ್ಕೆ, ೫,೦೦೦ದವರೆಗೆ ಜನಸಂಖ್ಯೆಯುಳ್ಳ ಹಳ್ಳಿಗೆ ತಲೆಗೆ ೬೦ ರೂಪಾಯಿ, ಅದಕ್ಕೆ ಮೀರಿದ ಹಳ್ಳಿಗೆ ತಲೆಗೆ ೪೫ ರೂಪಾಯಿಯೆಂದು ಗೊತ್ತುಮಾಡಲಾಯಿತು. ಲೆಕ್ಕ ಹಾಕಿದರೆ ೩,೦೦೦ ಜನರ ಹಳ್ಳಿಗೆ ದೊರೆಯುವುದು ೧ ಲಕ್ಷ ೮೦ ಸಾವಿರ ರೂಪಾಯಿ. ಇದರಲ್ಲಿ ಒಂದು ಮಾಡು ಕಟ್ಟಬಹುದು, ಬುಟ್ಟಿಗಳನ್ನು ಕೊಳ್ಳಬಹುದು. ವರ್ಷದ ೩೬೫ ದಿನವೂ ಕಸ ಎತ್ತುವವರಿಗೆ ವೇತನ ಕೊಡಲು ಬಾರದು. ೧೮೮೯ರ ನೈರ್ಮಲ್ಯ ಸಮಿತಿಯಿಂದ ಇಂದಿನವರೆಗೆ ಬದಲಾಗದ ಅಂಶವೆಂದರೆ ಇದೇ: ಕಟ್ಟಡಕ್ಕೆ ಹಣ ಹೇಗೋ ಹುಟ್ಟುತ್ತದೆ, ನಿತ್ಯದ ದುಡಿಮೆಗೆ ಹುಟ್ಟುವುದಿಲ್ಲ.

ಆದರೂ ಈಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ನಡೆದ ಕೆಲವು ಪ್ರಯತ್ನಗಳು ಗಮನಾರ್ಹವಾಗಿವೆ. ಕುಂದಾಪುರದ ಕಡೆಯ ವಂಡ್ಸೆ ಗ್ರಾಮ ಪಂಚಾಯತಿಯು ಮನೆಮನೆಯಿಂದ ಹಸಿ ಒಣ ಕಸಗಳನ್ನು ಬೇರೆಬೇರೆಯಾಗಿ ಪಡೆದು, ಅದನ್ನು ಮತ್ತಷ್ಟು ವಿಂಗಡಿಸಿ, ಸಂಪನ್ಮೂಲವೆಂದು ಬಗೆದು ಹೆಸರು ಪಡೆಯಿತು. ಕಾರ್ಕಳದ ಹತ್ತಿರದ ನಿಟ್ಟೆಯಲ್ಲಿ ದಿನಕ್ಕೆ ೧೦ ಟನ್ ಸಾಮರ್ಥ್ಯದ ಒಣಕಸದ ಕೇಂದ್ರವು ಹಲವು ಪಂಚಾಯತಿಗಳಿಗೆ ಸಾಮಾನ್ಯವಾಗಿ ಸ್ಥಾಪಿತವಾಯಿತು. ಪಂಚಾಯತಿಗಳ 'ಸ್ವಚ್ಛ ಸಂಕೀರ್ಣ'ಗಳ ನಿರ್ವಹಣೆಯನ್ನೂ 'ಸ್ವಚ್ಛ ವಾಹಿನಿ' ಗಾಡಿಗಳನ್ನು ನಡೆಸುವುದನ್ನೂ ಮಹಿಳಾ ಸ್ವಸಹಾಯ ಗುಂಪುಗಳಿಗೆ ಒಪ್ಪಿಸುವ ಕ್ರಮವು ರಾಜ್ಯದಲ್ಲಿ ರೂಢಿಗೆ ಬಂದಿತು. ಹಸಿಕಸವನ್ನು ಮನೆಯಲ್ಲಿಯೇ ಮುಗಿಸುವುದು, ಒಣಕಸವನ್ನು ಅನೇಕ ಪಂಚಾಯತಿಗಳು ಕೂಡಿ ನಿರ್ವಹಿಸುವುದು: ಸಣ್ಣ ಪಂಚಾಯತಿಯ ಬಡತನಕ್ಕೆ ಇದು ಯುಕ್ತವಾದ ಪರಿಹಾರ.

ಕೇರಳದ ಆಲಪ್ಪುಳದ ಉದಾಹರಣೆಯು ಕುರ್ವೆಗೆ ಇನ್ನೂ ಹತ್ತಿರವಾದುದು. ಕಾಲುವೆಗಳ ನಡುವೆ ನೀರಿನ ಮಟ್ಟದಲ್ಲಿಯೇ ಇರುವ ಆ ಪಟ್ಟಣದ ಕಸವು ಸರ್ವೋದಯಪುರಂ ಎಂಬ ಗ್ರಾಮಕ್ಕೆ ಹೋಗುತ್ತಿತ್ತು. ಗ್ರಾಮಸ್ಥರು ದಾರಿ ಕಟ್ಟಿದ ಮೇಲೆ, ೨೦೧೨ರಿಂದ, ಪಟ್ಟಣವು ತನ್ನ ಕಸವನ್ನು ತನ್ನ ಮನೆಗಳಲ್ಲಿಯೂ ಕೇರಿಗಳಲ್ಲಿಯೂ ಕೊಳೆಸುವ ಮಾರ್ಗ ಹಿಡಿಯಿತು. ಅಲ್ಲಿ ಬಳಸಿದ ತುಂಬೂರ್‌ಮುಳಿ ಮಾದರಿಯು ನೆಲದ ಮೇಲೆ ನಿಲ್ಲಿಸಿದ, ಗಾಳಿಯಾಡುವ ತೊಟ್ಟಿ. ಅದರಲ್ಲಿ ಸೆಗಣಿನೀರು, ತರಗೆಲೆ, ಅಡಿಗೆಮನೆಯ ಕಸಗಳನ್ನು ಪದರಪದರವಾಗಿ ಹಾಕುತ್ತಾರೆ. ಸೊಪ್ಪಿನ ಹಾಸಿನ ಕೊಟ್ಟಿಗೆಯನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಕಂದಕವು ಎಲ್ಲಿ ಸೋಲುತ್ತದೆಯೋ ಅಲ್ಲಿ ನಮ್ಮ ಹಿರಿಯರ ಸೊಪ್ಪಿನ ಗೊಬ್ಬರದ ಸೂತ್ರವು ಗೆಲ್ಲುತ್ತದೆ.

೭

ಮೇಲಣ ಸಮೀಕ್ಷೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಒಂದು: ಈ ಪ್ರದೇಶದ ಕಸದ ಕಾನೂನುಗಳು ಮುಂಬಯಿ, ಬೆಂಗಳೂರು, ದೆಹಲಿಗಳಲ್ಲಿ ರೂಪುಗೊಂಡು, ಪೇಟೆಯನ್ನು ಮೊದಲು, ಹಳ್ಳಿಯನ್ನು ಬಹಳ ತಡವಾಗಿ ಮುಟ್ಟಿದುವು. ಎರಡು: ಪೀಠಭೂಮಿಯ ತಾಂತ್ರಿಕ ಕ್ರಮವನ್ನು ಕರಾವಳಿಯ ನೆಲಕ್ಕೆ ಯಥಾವತ್ತಾಗಿ ಇಳಿಸಲಾಗದು, ಇಲ್ಲಿಯ ನೀರಿನ ಮಟ್ಟವನ್ನೂ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆಯು ಬಾವಿಗಳನ್ನು ಕೆಡಿಸುವ ಯೋಜನೆಯೇ ಆಗುತ್ತದೆ. ಮೂರು: ಯಾವ ಕಾಲದಲ್ಲಿಯೂ ಕಸವನ್ನು ಕೈಯಲ್ಲಿ ಮುಟ್ಟಿದವರು ಬೇರೆ, ಅದರ ಬಗ್ಗೆ ನಿರ್ಧರಿಸಿದವರು ಬೇರೆ. ೧೯೭೦ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದುದು ಈ ಅಂತರವನ್ನು ಅಳಿಸುವ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆ. ಇಂದು ಗಾಡಿ ನಡೆಸಿ ಕಸ ವಿಂಗಡಿಸುವ ಹೆಣ್ಣುಮಗಳು ಗ್ರಾಮಸಭೆಯಲ್ಲಿ ಎದ್ದುನಿಂತು, ಯಾವ ಮನೆಯವರು ಬೇರ್ಪಡಿಸಿ ಕೊಡುತ್ತಾರೆ, ಯಾರು ಕೊಡುವುದಿಲ್ಲ, ತನ್ನ ವೇತನ ಎಷ್ಟು ತಿಂಗಳಿಂದ ನಿಂತಿದೆ ಎಂದು ಹೇಳುವಂತಾದರೆ ಆ ಹೆಜ್ಜೆ ಪೂರ್ಣವಾದಂತೆ.

ಕುರ್ವೆಗೆ ಊರಾಚೆ ಎಂಬುದಿಲ್ಲವೆಂದು ಆರಂಭದಲ್ಲಿ ಹೇಳಿತು. ಊರಾಚೆ ಎಂದು ಉಳಿದ ಊರುಗಳು ಕರೆಯುವುದು ಮತ್ತೊಬ್ಬರ ಊರನ್ನೇ ಎಂಬುದನ್ನು ಈ ಇತಿಹಾಸವು ತೋರಿಸುತ್ತದೆ. ಆದುದರಿಂದ ಮಾವಿನಕುರ್ವೆಯಂಥ ಗ್ರಾಮಕ್ಕೆ ಒಪ್ಪುವ ವ್ಯವಸ್ಥೆಯನ್ನು ರೂಪಿಸುವುದು ಒಂದು ಮೂಲೆಯ ಹಳ್ಳಿಗೆ ಮಾಡುವ ಉಪಕಾರವಲ್ಲ; ಜಿಲ್ಲೆಯ ಎಲ್ಲ ಸ್ಥಾನಿಕ ಸಂಸ್ಥೆಗಳೂ ಇಂದಲ್ಲ ನಾಳೆ ಮಾಡಲೇಬೇಕಾದ ಕೆಲಸದ ಮೊದಲ ಪಾಠ. ಪಂಚಾಯತಿ ಪುರಸಭೆಗಳ ಠರಾವು ಪುಸ್ತಕಗಳು ಗೆದ್ದಲು ಹತ್ತುವ ಮುನ್ನ ಇತಿಹಾಸದ ವಿದ್ಯಾರ್ಥಿಗಳು ಅವುಗಳನ್ನು ತಾಲೂಕು ತಾಲೂಕಾಗಿ ಪರಿಶೀಲಿಸತೊಡಗಿದರೆ, ಆ ಪಾಠಕ್ಕೆ ಬೇಕಾದ ಸಾಮಗ್ರಿಯು ಇನ್ನೂ ವಿಪುಲವಾಗಿ ಒದಗುವುದು.